ಕಸ್ತೂರೆವ್ವನ ಗುಳಿಗೆ ಪುಸ್ತಕ

ನಾನು ಒಂದು ಪುಸ್ತಕ. ಕಪಾಟಿನಲ್ಲಿ ಮೆರೆಯುವಂಥದ್ದಲ್ಲ, ಇಪ್ಪತ್ತೆಂಟು ಹಾಳೆ, ಎರಡು ಪಿನ್ನು, ಒಂದು ಹಳದಿ ರಟ್ಟು, ಅಷ್ಟೇ. ಬೆಂಗಳೂರಿನ ಪ್ರೆಸ್ಸೊಂದರಲ್ಲಿ ನಾವು ಐವತ್ತು ಪುಸ್ತಕಗಳು ಒಂದೇ ದಿನ ಹುಟ್ಟಿದೆವು. ದಿನಕ್ಕೊಂದು ಹಾಳೆ. ಗುಳಿಗೆ ನುಂಗಿದ ಹೊತ್ತು, ಎಷ್ಟು ಗುಳಿಗೆ, ಅದರ ಕೆಳಗೆ ‘ಇಂದು ಆದ ತೊಂದರೆ’ ಎಂದು ಮೂರು ಬೆರಳಗಲದ ಜಾಗ. ಒಬ್ಬ ಮನುಷ್ಯನ ಸಂಕಟಕ್ಕೆ ಅಷ್ಟು ಸಾಕೆಂದು ಅಳೆದವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ನಮ್ಮನ್ನು ತರಿಸಿಕೊಂಡದ್ದು ಒಂದು ದೊಡ್ಡ ಆಸ್ಪತ್ರೆ. ಅಲ್ಲಿ ರಕ್ತದ ಕ್ಯಾನ್ಸರಿಗೆ ಹೊಸ ಗುಳಿಗೆಯೊಂದರ ಪರೀಕ್ಷೆ ಶುರುವಾಗಿತ್ತು. ಕೆಟ್ಟ ಕಣಗಳನ್ನು ಬೆಳೆಸುವ ಒಂದು ಪ್ರೋಟೀನನ್ನೇ ಗುರಿಯಿಟ್ಟು ತಡೆಯುವ ಗುಳಿಗೆ. ಮನುಷ್ಯರ ಮೈಗೆ ಇದೇ ಮೊದಲು. ಆರಂಭದ ಮೂವರಿಗೆ ದಿನಕ್ಕೆ ಎರಡು. ಅವರು ತಡೆದುಕೊಂಡರೆ ಮುಂದಿನ ಮೂವರಿಗೆ ನಾಲ್ಕು. ಮೈ ಎಷ್ಟು ತಡೆಯುತ್ತದೆ ಎಂದು ತಿಳಿಯುವುದೇ ಈ ಹಂತದ ಕೆಲಸ.

ನಾನು ಸೇರಿದ್ದು ಆ ಮೊದಲ ಮೂವರಲ್ಲಿ ಒಬ್ಬಳಾದ ಕಸ್ತೂರೆವ್ವನ ಕೈಗೆ. ಗದಗ ಡಿಪೋದ ಬಸ್ ಕಂಡಕ್ಟರ್, ನಲವತ್ತಾರು ವರ್ಷ. ಐದು ವರ್ಷ ಅವಳನ್ನು ಕಾಪಾಡಿದ್ದ ಹಳೆಯ ಮಾತ್ರೆ ಈಗ ಕೈಕೊಟ್ಟಿತ್ತು. ಹೊಸ ಗುಳಿಗೆ ನಾಟಿತು. ಎರಡೇ ವಾರಕ್ಕೆ ಬಿಳಿ ಕಣಗಳು ಇಳಿದವು, ಊಟ ರುಚಿಸಿತು. ಆದರೆ ಹದಿನೇಳನೆಯ ದಿನ ಅವಳು ನನ್ನಲ್ಲಿ ಬರೆದಳು: ‘ಬಸ್ಸಿನ ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯುತ್ತದೆ.’ ಇಪ್ಪತ್ತೊಂದಕ್ಕೆ: ‘ಎರಡು ದಿಂಬು ಇಟ್ಟು ಮಲಗಿದೆ. ಒಂದರ ಮೇಲೆ ಉಸಿರು ಬರಲಿಲ್ಲ.’ ಹೀಗೆ ಆರು ಹಾಳೆ. ಜಾಗ ಸಾಲದೆ ಅಂಚಿನಲ್ಲೂ ಬರೆದಳು.

ಇಪ್ಪತ್ತೆಂಟು ದಿನ ಮುಗಿದು ನಾನು ಆಸ್ಪತ್ರೆಗೆ ಮರಳಿದೆ. ಅವಳ ಗುಳಿಗೆ ಮುಂದುವರಿಯಿತು, ಅದಕ್ಕೆ ಬೇರೆ ಪುಸ್ತಕ ಕೊಟ್ಟರು. ನನ್ನನ್ನು ಓದಿ ಕಂಪ್ಯೂಟರಿಗೆ ಏರಿಸುವುದು ಪ್ರಸನ್ನಕುಮಾರನ ಕೆಲಸ. ಅವನು ಹಾಳೆಗಳನ್ನು ನೋಟು ಎಣಿಸುವವನಂತೆ ಸರಸರನೆ ತಿರುವಿದ.

“ಸರ, ಉಸರಿಂದು ಭಾಳ ತ್ರಾಸ ಆಗೇದ್ರೀ,” ಎಂದಳು ಕಸ್ತೂರೆವ್ವ.

“ದಿನಾ ಬಸ್ಸಲ್ಲಿ ನಿಂತು ಕೆಲಸ ಮಾಡ್ತೀರಲ್ಲಮ್ಮ, ಸುಸ್ತು ಇದ್ದೇ ಇರುತ್ತೆ,” ಎಂದು ಅವನು ಕೀಲಿಮಣೆಯ ಮೇಲೆ ಬೆರಳಾಡಿಸಿದ. ಪರದೆಯ ಮೇಲೆ ಮೂಡಿದ್ದು ಎರಡೇ ಪದ: ‘ಆಯಾಸ, ಅಲ್ಪ.’

ಆರು ಹಾಳೆಯ ಸಂಕಟ ಎರಡು ಪದವಾಯಿತು! ಮುಖ್ಯ ವೈದ್ಯ ಸುದರ್ಶನ ಅಚ್ಚ ಕನ್ನಡಿಗ, ನನ್ನನ್ನು ಓದಬಲ್ಲವನೇ, ಆದರೆ ಆತ ಪರದೆ ನೋಡಿದನೇ ಹೊರತು ನನ್ನನ್ನು ತೆರೆಯಲಿಲ್ಲ. ಮುಂದಿನ ಮೂವರಿಗೆ ನಾಲ್ಕು ಗುಳಿಗೆ ಎಂದು ಸಹಿ ಬಿತ್ತು.

ಆ ಮೂವರಲ್ಲಿ ಒಬ್ಬ ಹುಬ್ಬಳ್ಳಿಯ ಗಡಿಯಾರ ರಿಪೇರಿಯ ಇಮಾಮಸಾಬ. ಸರತಿಯಲ್ಲಿ ಕಸ್ತೂರೆವ್ವನ ಪಕ್ಕ ಕೂತು, “ಅಕ್ಕಾರ, ನಿಮ್ಮನ್ನ ನೋಡೇ ನನಗ ಧೈರ್ಯ ಬಂತು ನೋಡ್ರಿ,” ಎಂದಿದ್ದ. ಎರಡು ವಾರ ಬಿಟ್ಟು ಅವಳು ತಪಾಸಣೆಗೆ ಬಂದಾಗ ಆತ ತೀವ್ರ ನಿಗಾ ಘಟಕದಲ್ಲಿದ್ದ. ಶ್ವಾಸಕೋಶದ ಸುತ್ತ ನೀರು ತುಂಬಿತ್ತು.

ಕಸ್ತೂರೆವ್ವ ನೆಟ್ಟಗೆ ಪ್ರಸನ್ನಕುಮಾರನ ಮೇಜಿಗೆ ಬಂದಳು. “ನನ್ನ ಮೊದಲನೇ ಪುಸ್ತಕ ತಗೀರಿ. ಡಾಕ್ಟರ ಮುಂದ ಓದ್ರಿ.”

ಅವನು ದನಿ ತಗ್ಗಿಸಿದ. “ಸುಮ್ನಿರಮ್ಮ. ಇದೆಲ್ಲ ದೊಡ್ಡದಾದ್ರೆ ಪರೀಕ್ಷೆನೇ ನಿಲ್ಲಿಸ್ತಾರೆ. ನಿಮ್ಮ ಗುಳಿಗೆನೂ ಹೋಗುತ್ತೆ. ಆಮೇಲೆ ಏನು ಮಾಡ್ತೀರಿ?”

ತನಗೆ ಬೇರೆ ಔಷಧ ಉಳಿದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಕಡತದ ರಾಶಿಯಿಂದ ನನ್ನನ್ನು ತಾನೇ ಎಳೆದು, ಸುದರ್ಶನನ ಕೋಣೆಗೆ ನುಗ್ಗಿ, ಮುಂದಿನ ಸೀಟಿಗೂ ಕೇಳುವ ಕಂಡಕ್ಟರ್ ದನಿಯಲ್ಲಿ ಆರು ಹಾಳೆಯನ್ನೂ ಓದಿದಳು. ಸುದರ್ಶನ ನನ್ನನ್ನು ಇಸಿದುಕೊಂಡು ಅಂಚಿನ ಅಕ್ಷರಗಳನ್ನೂ ಓದಿದ. ಅವನ ಮುಖ ಬಿಳಿಚಿಕೊಂಡಿತು.

“ಇದನ್ನ ನಾನೇ ನೋಡಬೇಕಿತ್ತು,” ಎಂದ.

ಅಂದೇ ಎಲ್ಲರ ಗುಳಿಗೆಯೂ ನಿಂತಿತು. ಕಸ್ತೂರೆವ್ವನ ಶ್ವಾಸಕೋಶದ ಸುತ್ತಲೂ ನೀರು ಸಿಕ್ಕಿತು, ಅದನ್ನು ತೆಗೆದರು. ಇಮಾಮಸಾಬ ಅದಾದ ಹನ್ನೊಂದನೆಯ ದಿನ ತೀರಿಕೊಂಡ. ಗುಳಿಗೆ ನಿಂತದ್ದಕ್ಕೆ ಕಸ್ತೂರೆವ್ವನ ಬಿಳಿ ಕಣಗಳು ಮತ್ತೆ ಏರಿದವು. ಆರು ವಾರದ ವಿಚಾರಣೆಯ ನಂತರ ದಿನಕ್ಕೆ ಒಂದೇ ಗುಳಿಗೆ ಎಂದು ಪರೀಕ್ಷೆ ಮತ್ತೆ ನಡೆಯಿತು. ಆ ಒಂದರಲ್ಲೇ ಅವಳು ಉಳಿದಳು, ಇನ್ನೂ ಅನೇಕರು ಉಳಿದರು.

ಆದರೆ ವರದಿ? ಇಮಾಮಸಾಬನ ಸಾವಿನ ಮುಂದೆ ಅದು ಬರೆಯಿತು: ‘ಅನಿರೀಕ್ಷಿತ ಘಟನೆ.’ ಅನಿರೀಕ್ಷಿತವಂತೆ! ನನ್ನ ಆರು ಹಾಳೆ ಆಗ ಎಲ್ಲಿದ್ದವು? ಅದೇ ಕಟ್ಟಡದಲ್ಲಿ, ಅದೇ ಮೇಜಿನ ಮೇಲೆ.

ಈಗ ನಾನು ನೆಲಮಾಳಿಗೆಯ ಕಬ್ಬಿಣದ ಬೀರುವಿನಲ್ಲಿದ್ದೇನೆ. ರಟ್ಟು ಮಾಸಿದೆ, ಪಿನ್ನು ತುಕ್ಕು ಹಿಡಿದಿದೆ. ಹದಿನೈದು ವರ್ಷ ನನ್ನನ್ನು ಕಾಯಬೇಕೆಂದು ನಿಯಮವಂತೆ. ಓದಬೇಕೆಂದು ನಿಯಮವಿಲ್ಲ.

ಹೋದ ವರ್ಷ ಕಸ್ತೂರೆವ್ವ ಬಂದಿದ್ದಳು. ತಲೆ ನರೆತಿತ್ತು, ಮೆಟ್ಟಿಲು ಇಳಿದ ಹೆಜ್ಜೆ ಗಟ್ಟಿಯಾಗಿತ್ತು. ಇಮಾಮಸಾಬನ ಮಗಳಿಗೆ ತೋರಿಸಲು ತನ್ನ ಪುಸ್ತಕದ ನಕಲು ಬೇಕೆಂದು ಕೇಳಿದಳು.

“ಅದು ಗುಪ್ತ ದಾಖಲೆ, ಕೊಡೋಕಾಗಲ್ಲ,” ಎಂದ ಗುಮಾಸ್ತ.

“ನನ್ನ ಉಸರಿನ ಸುದ್ದಿ ನನಗ ಗುಪ್ತ ಏನ್ರೀ?” ಎಂದಳು ಅವಳು.

ಅವಳು ಬೆಂಚಿನ ಮೇಲೆ ಕೂತು, ಬಿಳಿ ಹಾಳೆ ಕೇಳಿ ಇಸಿದುಕೊಂಡು, ನಕಲು ಕೋರಿ ಅರ್ಜಿ ಬರೆಯತೊಡಗಿದಳು.