ಮೈಕಿನವರ ಎಡಗಿವಿ

ಮೈಕಿನವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇರಲೇಬೇಕು, ಆದರೆ ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಮದುವೆಯಿರಲಿ, ಸಭೆಯಿರಲಿ, ಚುನಾವಣೆಯ ಭಾಷಣವಿರಲಿ, "ಮೈಕಿನವರಿಗೆ ಹೇಳಿಬಿಡಿ" ಅಂದರೆ ಮುಗಿಯಿತು. ಇಪ್ಪತ್ತೆರಡು ವರ್ಷ ಸ್ಪೀಕರ್ ಡಬ್ಬಗಳ ಪಕ್ಕ ನಿಂತು ನಿಂತು ಅವರ ಎಡಗಿವಿ ಪೂರ್ತಿ ಕೈಕೊಟ್ಟಿತ್ತು. ಬೈಯುವವರು ದಯವಿಟ್ಟು ಎಡಗಡೆಯಿಂದ ಬನ್ನಿ ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಹುಟ್ಟಿದ ದಿನ ಅವಳು ಸಣ್ಣ ದನಿಯಲ್ಲಿ ಉದ್ದಕ್ಕೆ ರಾಗ ಎಳೆದು ಅತ್ತದ್ದನ್ನು ಕೇಳಿ ಮೈಕಿನವರು "ಇದೇನು ಮಗುವೋ ಪಿಟೀಲೋ" ಅಂದಿದ್ದರು. ಪಿಟೀಲು ಎಂಬ ಹೆಸರೇ ಅಂಟಿಕೊಂಡಿತು. ಎಂಟು ವರ್ಷದವಳಿದ್ದಾಗ ಅವಳು ಅಪ್ಪನ ಎಡಗಿವಿಗೆ ಎರಡೂ ಕೈ ಹಚ್ಚಿ, "ದೊಡ್ಡವಳಾದ್ಮೇಲೆ ನಾನು ಇದನ್ನ ರಿಪೇರಿ ಮಾಡ್ತೀನಿ ಅಪ್ಪಾ" ಎಂದು ಕೂಗಿದ್ದಳು. ಆ ಮಾತನ್ನು ಮೈಕಿನವರು ಎಷ್ಟು ಜನರಿಗೆ ಹೇಳಿದ್ದರೋ! ಈಗ ನೋಡಿದರೆ ಹುಡುಗಿಗೆ ನಿಜಕ್ಕೂ ಕಿವಿ ಪರೀಕ್ಷೆ ಮಾಡುವ, ಕಿವಿಗೆ ಯಂತ್ರ ಕೂರಿಸುವ ಎರಡು ವರ್ಷದ ತರಬೇತಿಗೆ ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಇನ್ನೊಬ್ಬರ ಪಾಲು. ಕಟ್ಟುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಊರಿನ ಇನ್ನೊಂದು ತುದಿಯ ನಾಗರಿಕರ ಸಂಘ ವರ್ಷಕ್ಕೊಬ್ಬರಿಗೆ ಕೊಡುವ ವಿದ್ಯಾರ್ಥಿವೇತನವೊಂದೇ ದಾರಿಯಾಗಿತ್ತು.

ಅರ್ಜಿ ಬರೆದದ್ದು ತಾಯಿ ಮಗಳು. ಮೂರು ದಿನ ಅಡುಗೆಮನೆ ಬಾಗಿಲು ಅರ್ಧ ಮುಚ್ಚಿಕೊಂಡು ಒಂದೇ ಗುಸುಗುಸು. ಮೈಕಿನವರು ಪೆನ್ನು ಹಿಡಿದುಕೊಂಡೇ ಒಳಗೆ ಹೋದರು.

"ನನ್ನ ಸಹಿ ಎಲ್ಲಿ ಹಾಕ್ಲಿ?"

"ಒಬ್ಬರದು ಸಾಕಂತೆ ಅಪ್ಪ. ಅಮ್ಮ ಹಾಕಿದಾಳೆ."

"ಅದೇನೋ ಪ್ರಬಂಧ ಬರೀಬೇಕಂತಲ್ಲ, ನಮ್ಮ ಮನೆ ವಿಷಯ. ಎಲ್ಲಿ, ಓದು ನೋಡೋಣ."

"ಅಯ್ಯೋ, ನಂಗೆ ನಾಚಿಕೆ ಆಗುತ್ತೆ. ಸುಮ್ನಿರಪ್ಪ ನೀನು."

ನಾಚಿಕೆ ಅಂದರೆ ತಮ್ಮನ್ನೇ ಹೊಗಳಿ ಬರೆದಿರಬೇಕು ಎಂದುಕೊಂಡರು ಮೈಕಿನವರು. ಪಾಪ, ಹಾಗೆ ಅಂದುಕೊಳ್ಳದೆ ಇನ್ನೇನು ಅಂದುಕೊಂಡಾರು? ವಾರವಿಡೀ ಸೀಟಿ ಹೊಡೆದುಕೊಂಡು ಓಡಾಡಿದರು.

ವಿದ್ಯಾರ್ಥಿವೇತನ ಪಿಟೀಲಿಗೇ ಬಂತು. ಭಾನುವಾರ ಮಧ್ಯಾಹ್ನ ಸಂಘದ ಸಭಾಂಗಣದಲ್ಲಿ ಕಾರ್ಯಕ್ರಮ. ಗೆದ್ದವರು ತಮ್ಮ ಪ್ರಬಂಧವನ್ನು ದಾನಿಗಳ ಮುಂದೆ ಗಟ್ಟಿಯಾಗಿ ಓದಿ, ಆಮೇಲೆ ಕೈಮುಗಿದು ಚೆಕ್ಕು ತೆಗೆದುಕೊಳ್ಳುವುದು ಅಲ್ಲಿನ ಪದ್ಧತಿ. "ದಾನಿಗಳಿಗೇ ಜಾಗ ಸಾಲಲ್ವಂತೆ ಅಪ್ಪ, ಅಮ್ಮ ಒಬ್ಬಳು ಬಂದ್ರೆ ಸಾಕು" ಅಂದಳು ಪಿಟೀಲು. ಮೈಕಿನವರ ಮುಖ ಸಣ್ಣಗಾಯಿತು.

ಶುಕ್ರವಾರ ಸಂಘದ ಕಾರ್ಯದರ್ಶಿ ಅವರ ಅಂಗಡಿ ಹುಡುಕಿಕೊಂಡು ಬಂದ. ಸಭಾಂಗಣದ ಮೈಕು ಗೊರಗೊರ ಅನ್ನುತ್ತಿದೆ, ಭಾನುವಾರಕ್ಕೆ ನೀವೇ ಬರಬೇಕು, ಬಾಡಿಗೆ ಎಷ್ಟು ಎಂದು ಕೇಳಿದ. ಯಾವ ಕಾರ್ಯಕ್ರಮ ಎಂದು ತಿಳಿದದ್ದೇ ತಡ, ಮೈಕಿನವರ ಮುಖ ಊರಗಲವಾಯಿತು.

"ಬಾಡಿಗೆ ಬೇಡ ಸಾರ್, ಫ್ರೀ!"

"ಯಾಕ್ರೀ?"

"ಅದನ್ನ ಕೊನೇಲಿ ಹೇಳ್ತೀನಿ. ವೇದಿಕೆ ಮೇಲೆ ನಂಗೆ ಒಂದೇ ಒಂದು ನಿಮಿಷ ಕೊಡಿ."

ಇಪ್ಪತ್ತೆರಡು ವರ್ಷದಲ್ಲಿ ಸಾವಿರ ಜನರ ಬಾಯಿಗೆ ಮೈಕು ಹಿಡಿದಿದ್ದರೂ "ಹಲೋ, ಹಲೋ, ಟೆಸ್ಟಿಂಗ್" ಬಿಟ್ಟು ಅದರಲ್ಲಿ ಬೇರೊಂದು ಮಾತನ್ನು ಅವರು ಆಡಿದವರಲ್ಲ. ಶನಿವಾರ ಗಡ್ಡ ಹೆರೆಯುತ್ತಾ ಕನ್ನಡಿಯ ಮುಂದೆ ಅಭ್ಯಾಸ ಮಾಡಿದರು: "ಎಲ್ಲರಿಗೂ ನಮಸ್ಕಾರ. ಆ ಹುಡುಗಿ ನನ್ನ ಮಗಳು." ಇಷ್ಟೇ. ಭಾನುವಾರ ಬೇರೆ ಊರಿನಲ್ಲಿ ಕೆಲಸವಿದೆ ಎಂದು ಹೆಂಡತಿಗೆ ಸುಳ್ಳು ಹೇಳಿದರು. ಅವಳು ಉಸಿರು ಬಿಟ್ಟು, "ಹೋಗ್ಬನ್ನಿ, ಇಲ್ಲೇನು ಮಹಾ ಇದೆ" ಅಂದಳು.

ಅವತ್ತು ಅವರು ತಮ್ಮ ಅತ್ಯಂತ ಒಳ್ಳೆಯ ಮೈಕನ್ನು ತಂದಿದ್ದರು, ಮಂತ್ರಿ ಕೇಳಿದರೂ ಪೆಟ್ಟಿಗೆಯಿಂದ ಹೊರಗೆ ತೆಗೆಯದಿದ್ದುದನ್ನು. ಮಗಳದು ತೆಳು ದನಿ, ಮೇಲೇರಿದರೆ ಕೀಚಲಾಗುತ್ತದೆ ಎಂದು ಗುಂಡಿಗಳನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ ಹದ ಮಾಡಿದರು. ಸಭಾಂಗಣದ ಹಿಂದಿನ ಮೂಲೆಯಲ್ಲಿ ಕಂಬದ ಮರೆಗೆ ಮೇಜು ಹಾಕಿಕೊಂಡರು. ಮುಂದಿನ ಸಾಲಿನಲ್ಲಿ ಬಂದು ಕೂತ ಹೆಂಡತಿಯ ಬೆನ್ನು ಕಾಣುತ್ತಿತ್ತು. ನೋಡು ಮಾರಾಯ್ತಿ, ಇನ್ನೊಂದು ಗಂಟೆಯಲ್ಲಿ ಹೇಗೆ ಬೆಚ್ಚಿಬೀಳುತ್ತೀಯ ಎಂದು ಒಳಗೊಳಗೇ ನಕ್ಕರು.

ಪಿಟೀಲು ವೇದಿಕೆಗೆ ಬಂದು ಕಾಗದ ಬಿಡಿಸಿದಳು.

"ನನಗೆ ಆರು ವರ್ಷವಿದ್ದಾಗ ನನ್ನ ತಂದೆ ನಮ್ಮನ್ನು ಬಿಟ್ಟು ಹೋದರು."

ಬೇರೆ ಯಾರದೋ ಕಾಗದ ಇವಳ ಕೈಗೆ ಬಂದಿದೆ ಎಂದುಕೊಂಡರು ಮೈಕಿನವರು. ಛೆ, ಯಾರಾದರೂ ಹೇಳಬಾರದೇ ಎಂದು ಸುತ್ತ ನೋಡಿದರು. ಮಗಳು ತಡವರಿಸದೆ ಓದುತ್ತಲೇ ಇದ್ದಳು.

"ಅಂದಿನಿಂದ ನನಗೆ ಎಲ್ಲವೂ ಅಮ್ಮನೇ. ಒಮ್ಮೆ ಶಾಲೆಗೆ ಹೊರಟಾಗ ಚಪ್ಪಲಿ ಕಿತ್ತುಹೋಯಿತು. ಅಮ್ಮ ತಾಮ್ರದ ತಂತಿಯಲ್ಲಿ ಅದನ್ನು ಹೊಲಿದುಕೊಟ್ಟಳು."

ಮೈಕಿನವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಆ ತಂತಿ ಕೊಯ್ದ ಗೆರೆ ಇನ್ನೂ ಅಲ್ಲೇ ಇತ್ತು. ಚಪ್ಪಲಿಯ ತುಂಬ ರಕ್ತವಾಗಿ, ಮತ್ತೆ ತೊಳೆದು ಕೊಟ್ಟಿದ್ದರು.

"ಅಮ್ಮ ಗಿರಣಿಯ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ತನ್ನ ಎಡಗಿವಿಯನ್ನು ಕಳೆದುಕೊಂಡಳು. ಆ ಕಿವಿಗಾಗಿಯೇ ನಾನು ಈ ವಿದ್ಯೆ ಕಲಿಯಲು ಹೊರಟಿದ್ದೇನೆ."

ಅವಳ ಕಿವಿಯೇ! ಮೂರು ಮನೆ ಆಚೆ ಜಗಳವಾದರೆ ಯಾರು ಯಾರಿಗೆ ಏನಂದರು ಎಂದು ಒಂದಕ್ಷರ ಬಿಡದೆ ಒಪ್ಪಿಸುವ ಕಿವಿ ಅದು! ಗಿರಣಿಯ ಬಾಗಿಲು ಯಾವ ದಿಕ್ಕಿಗಿದೆ ಎಂದಾದರೂ ಆ ಮಹಾತಾಯಿಗೆ ಗೊತ್ತೇ? ಬಿಟ್ಟು ಹೋದ ಅಂದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಇದ್ದು ಮಾಡಿದ್ದೆಲ್ಲವನ್ನೂ ಬಾಚಿಕೊಂಡರಲ್ಲ, ಕೊನೆಗೆ ಸತ್ತ ಕಿವಿಯನ್ನೂ ಬಿಡಲಿಲ್ಲವಲ್ಲ! ಮೈಕಿನವರು ತಮಗೇ ಅರಿವಿಲ್ಲದೆ ಕಂಬದ ಮರೆಯಿಂದ ಈಚೆ ಬಂದು ನಿಂತಿದ್ದರು.

ಪಿಟೀಲು ತಲೆಯೆತ್ತಿದಳು. ಅಪ್ಪನನ್ನು ಕಂಡಳು.

ದನಿ ನಿಂತೇ ಹೋಯಿತು. ಹುಡುಗಿಗೆ ದುಃಖ ಉಕ್ಕಿ ಬಂದಿದೆ ಎಂದುಕೊಂಡು ದಾನಿಯೊಬ್ಬರು ಕಣ್ಣೊರೆಸಿಕೊಂಡರು. ಮತ್ತೆ ಓದತೊಡಗಿದಾಗ ಅವಳ ಮಾತು ಗಂಟಲಿನಿಂದ ಈಚೆಗೇ ಬರಲಿಲ್ಲ.

"ಮೈಕಿನವರೇ, ಏನೂ ಕೇಳಿಸ್ತಿಲ್ಲ!" ಎಂದು ಯಾರೋ ಕೂಗಿದರು. "ಸ್ವಲ್ಪ ಜೋರು ಮಾಡ್ರೀ!"

ಸಭೆಗೆ ಸಭೆಯೇ ಹಿಂದಕ್ಕೆ ತಿರುಗಿತು. ಹೆಂಡತಿಯೂ ತಿರುಗಿದಳು. ಗಂಡನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು.

ಮೈಕಿನವರು ಮೇಜಿಗೆ ಹಿಂದಿರುಗಿ ಗುಂಡಿಯ ಮೇಲೆ ಕೈಯಿಟ್ಟರು. ಎಡಕ್ಕೆ ತಿರುಗಿಸಿದರೆ ಎಲ್ಲ ತಣ್ಣಗಾಗುತ್ತಿತ್ತು. ಇಲ್ಲವೇ ನಾಲ್ಕು ಹೆಜ್ಜೆ ಮುಂದೆ ಹೋಗಿ "ನಾನೇ ಕಣ್ರೀ ಆ ಬಿಟ್ಟು ಹೋದವನು" ಎಂದರೂ ಸಾಕಾಗಿತ್ತು. ಚೆಕ್ಕೂ ಹೋಗುತ್ತಿತ್ತು, ಸೀಟೂ ಹೋಗುತ್ತಿತ್ತು. ತಮ್ಮ ಮಾನ ಮಾತ್ರ ಉಳಿಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ವೈರನ್ನೇ ಕಿತ್ತು ಬಿಸಾಡುತ್ತಿದ್ದರು. ಮೈಕಿನವರು ಹಲ್ಲು ಕಚ್ಚಿಕೊಂಡು ಗುಂಡಿಯನ್ನು ಬಲಕ್ಕೆ ತಿರುಗಿಸಿದರು.

"ತಂದೆ ಎಲ್ಲಿದ್ದಾರೆಂದು ನಾನು ಒಂದು ದಿನವೂ ಕೇಳಲಿಲ್ಲ. ನಮಗೆ ಅವರ ಅಗತ್ಯ ಬೀಳಲಿಲ್ಲ."

ಅವರ ಒಳ್ಳೆಯ ಮೈಕಿನಲ್ಲಿ ಆ ಮಾತು ಮೂಲೆಮೂಲೆಗೂ ಸ್ಪಷ್ಟವಾಗಿ ತಲುಪಿತು. ಚಪ್ಪಾಳೆ ನಿಲ್ಲಲೇ ಇಲ್ಲ.

ಆ ಗದ್ದಲದಲ್ಲೇ ಹೆಂಡತಿ ನೀರಿಗೆ ಬಂದವಳ ಹಾಗೆ ಹಿಂದಕ್ಕೆ ಬಂದು ಅವರ ಬಲಗಿವಿಗೆ ಬಗ್ಗಿದಳು. "ರೀ, ಅಪ್ಪ ಇರೋ ಮಕ್ಕಳಿಗೆ ಇಲ್ಲಿ ಯಾವತ್ತೂ ಕೊಟ್ಟಿಲ್ವಂತೆ. ನಿಮಗೆ ಗೊತ್ತೇ ಆಗಲ್ಲ ಅನ್ಕೊಂಡ್ವಿ. ದಮ್ಮಯ್ಯ ಅಂತೀನಿ, ಈಗ ಏನೂ ಅನ್ಬೇಡಿ."

"ನನ್ನನ್ನ ಒಂದು ಮಾತು ಕೇಳಿದ್ರೆ, ನಾನು ಸತ್ತೋಗಿದೀನಿ ಅಂತ ನಾನೇ ಬರ್ಕೊಡ್ತಿದ್ದೆನಲ್ಲೇ."

ಅಷ್ಟರಲ್ಲಿ ವೇದಿಕೆಯಿಂದ ಕಾರ್ಯದರ್ಶಿಯ ದನಿ ಬಂತು. "ನಮ್ಮ ಮೈಕಿನವರು ಇವತ್ತು ಬಾಡಿಗೆ ತಗೊಂಡಿಲ್ಲ! ಯಾಕೆ ಅಂತ ಕೊನೇಲಿ ಹೇಳ್ತೀನಿ ಅಂದಿದ್ರು. ಬನ್ನಿ, ಬನ್ನಿ, ಈಗ ಹೇಳ್ಲೇಬೇಕು."

ಮೈಕಿನವರು ಕುರ್ಚಿಗಳ ನಡುವೆ ನಡೆದುಹೋದರು. ಪಿಟೀಲು ಚೆಕ್ಕಿನ ಲಕೋಟೆಯನ್ನು ಎದೆಗೊತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಅವರು ಅವಳ ಕಡೆ ನೋಡಲಿಲ್ಲ. ಮೈಕಿನ ಮುಂದೆ ಬಂದು ನಿಂತರು.

"ಎಲ್ಲರಿಗೂ ನಮಸ್ಕಾರ," ಅಂದರು. ಅಲ್ಲಿಯವರೆಗೆ ಕನ್ನಡಿಯ ಮುಂದೆ ಕಲಿತ ಹಾಗೆಯೇ ಬಂತು. "ನನಗೂ ಒಬ್ಬಳು ಮಗಳಿದ್ದಳು. ಅದಕ್ಕೆ."

ಸಭೆಯೆಲ್ಲ ಲೊಚಗುಟ್ಟಿತು. ವಯಸ್ಸಾದ ದಾನಿಯೊಬ್ಬರು ಎದ್ದು ಬಂದು ಅವರ ಕೈ ಹಿಡಿದುಕೊಂಡರು. "ಅಯ್ಯೋ ಪಾಪ. ಹೋಗಿ ಎಷ್ಟು ದಿನ ಆಯ್ತಪ್ಪಾ?"

"ತೀರಾ ಈಚೆಗೆ ಸಾರ್."

ಜನ ಕರಗಿದ ಮೇಲೆ ಮೈಕಿನವರು ನೆಲದ ಮೇಲೆ ಕೂತು ವೈರು ಸುತ್ತತೊಡಗಿದರು. ಪಿಟೀಲು ಬಂದು ಎಡಗಡೆ ನಿಂತು "ಅಪ್ಪಾ" ಅಂದಳಂತೆ. ಯಾವ ಕಿವಿ ಕೇಳುವುದಿಲ್ಲ ಎಂಬುದೇ ಹುಡುಗಿಗೆ ಮರೆತುಹೋಗಿತ್ತು. ಆಮೇಲೆ ನೆನಪಾಗಿ ಬಲಗಡೆಗೆ ಬಂದು ಮತ್ತೆ ಕರೆದಳು. "ಅಪ್ಪಾ, ಒಂದ್ಸಲ ನನ್ ಕಡೆ ನೋಡಪ್ಪ."

ಮೈಕಿನವರು ನೋಡಿದರು, ಅವಳ ಕಾಲಿನ ಕಡೆಗೆ.

"ಮೇಡಂ, ವೈರ್ ಮೇಲೆ ನಿಂತಿದೀರ," ಅಂದರು. "ಸ್ವಲ್ಪ ಆ ಕಡೆ ಸರೀರಿ."

ಅವಳು ಸರಿದಳು. ಅವರು ಉಳಿದ ವೈರನ್ನು ಸುತ್ತಿಕೊಂಡರು.