ತೋರಿಸುವ ಮನೆ

ಸೋಲಾರ್ ಕಂಪನಿಯ ಮಾನ್ಯತೆ ಮುಂದುವರಿಯಬೇಕಾದರೆ ಅದು ಕೆಲಸ ಮಾಡಿದ ಒಂದು ಮನೆಯನ್ನಾದರೂ ತಪಾಸಣೆಯವರು ವರ್ಷಕ್ಕೊಮ್ಮೆ ನೋಡಬೇಕು. ಯಾವ ಮನೆ ಎಂದು ಆರಿಸುವುದು ಮಾತ್ರ ಕಂಪನಿಯೇ. ಹೀಗೆ ಐದು ವರ್ಷದಿಂದ ಅವರು ನೋಡುತ್ತಿದ್ದದ್ದು ಅಕ್ಕನ ಮಾಳಿಗೆಯನ್ನೇ. ಆ ಕಾರಣಕ್ಕೆ ತಿಂಗಳಿಗೊಮ್ಮೆ ಇಬ್ಬರು ಬಂದು ಅವಳ ಪ್ಯಾನೆಲ್‌ಗಳನ್ನು ಒರೆಸಿ, ಅಮ್ಮಾ ಹೇಗಿದ್ದೀರಿ ಎಂದು ಕೇಳಿ ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವಳನ್ನು ಅಷ್ಟು ವಿಚಾರಿಸಿಕೊಂಡವರು ಬೇರೆ ಯಾರೂ ಇರಲಿಲ್ಲ.

ಗೋಡೆಯಾಚೆ ತಮ್ಮನ ಮನೆ. ಅಕ್ಕನ ಮಾತು ಕೇಳಿ ಅವನೂ ಅದೇ ಕಂಪನಿಯಿಂದ ಹಾಕಿಸಿದ್ದ. ಎಂಟೇ ತಿಂಗಳಿಗೆ ವೈರು ಕಾದು ಮೀಟರ್ ಪೆಟ್ಟಿಗೆ ಸುಟ್ಟು ಕರಕಲಾಯಿತು. ಮಾನ್ಯತೆ ಇರುವವರು ಸರಿಮಾಡಿ ಸಹಿ ಹಾಕುವವರೆಗೂ ಕರೆಂಟ್ ಇಲ್ಲ ಎಂದು ಇಲಾಖೆಯವರು ಲೈನ್ ಕಿತ್ತರು. ಕಂಪನಿ ಆ ಕಡೆ ತಲೆಹಾಕಲಿಲ್ಲ. ತಮ್ಮನು ತಪಾಸಣೆಯವರ ಕಚೇರಿಗೆ ದೂರು ಕೊಟ್ಟು ಏಳು ವಾರವಾಗಿತ್ತು. ಅವನ ಹೆಂಡತಿಗೆ ಉಬ್ಬಸ. ಮದ್ದಿನ ಹಬೆಯ ಮೆಷಿನ್ನು ಎತ್ತಿಕೊಂಡು ದಿನಕ್ಕೆರಡು ಸಲ ಅಕ್ಕನ ಮನೆಗೆ ಬಂದು, ಪ್ಲಗ್ಗಿನ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು.

"ಅತ್ತಿಗೆ, ತಪಾಸಣೆಯವರು ಬಂದಾಗ ಒಂದು ಕೂಗು ಹಾಕಿ. ನಮ್ಮ ಮಾಳಿಗೆಗೂ ಹತ್ತಿಸಿಬಿಡ್ತೀವಿ."

"ಕೂಗದೆ ಇರ್ತೀನಾ? ನೀವೇನು ಹೊರಗಿನವರಾ?"

ತಪಾಸಣೆಯವನು ಬಂದ. ಅಕ್ಕ ಕೂಗಲಿಲ್ಲ.

"ಏನಮ್ಮಾ, ಇಲ್ಲೇ ಎಲೆ ಹಾಕಿ ಊಟ ಬಡಿಸಬಹುದಲ್ಲ!" ಎಂದು ಅವನು ಮಾಳಿಗೆ ನೋಡಿ ನಕ್ಕ. ಅಕ್ಕ ಉಬ್ಬಿಹೋದಳು. ಆಮೇಲೆ ಅವನ ಕಣ್ಣು ಪಕ್ಕದ ಮಾಳಿಗೆಯಲ್ಲಿ ಪ್ಯಾನೆಲ್‌ಗಳಿಗೆ ಹೊದಿಸಿದ್ದ ಟಾರ್ಪಾಲಿನ ಮೇಲೆ ಬಿತ್ತು. "ಅದೂ ಇವರದ್ದೇ ಕೆಲಸಾನಾ?"

ಜೊತೆಗೆ ಬಂದಿದ್ದ ಕಂಪನಿಯ ಮ್ಯಾನೇಜರ್ ತನ್ನ ಬೂಟು ನೋಡಿಕೊಂಡ. ಬಾಯಿ ಬಿಡು ಎಂದು ಅಕ್ಕನಿಗೆ ಯಾರೂ ಸನ್ನೆ ಕೂಡ ಮಾಡಲಿಲ್ಲ.

"ನನ್ನ ತಮ್ಮಂದು ಸಾರ್. ಇವರು ಚೆನ್ನಾಗೇ ಹಾಕಿಕೊಟ್ರು. ಅವನ ಕೈ ಸುಮ್ಮನಿರಬೇಕಲ್ಲ! ತಾನೇ ಹತ್ತಿ ವೈರು ಬಿಚ್ಚಿದ. ಚಿಕ್ಕಂದಿನಿಂದ ಅವನ ಬುದ್ಧಿನೇ ಹಂಗೆ."

"ಮಾಲೀಕರೇ ಕೈ ಹಾಕಿದ್ರೆ ದೂರು ನಿಲ್ಲಲ್ಲ," ಎನ್ನುತ್ತ ತಪಾಸಣೆಯವನು ಬರೆದುಕೊಂಡ.

ಕೆಳಗೆ ತಮ್ಮನ ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತು. ಒಂದು ಉಸಿರಿನಷ್ಟು ಹೊತ್ತು. ಮತ್ತೆ ಶುರುವಾಯಿತು.

ದೂರು ವಜಾ ಆದ ದಿನ ತಮ್ಮ ಬಂದು ಬಾಗಿಲಲ್ಲೇ ನಿಂತ.

"ಅಕ್ಕಾ, ನಾನು ಯಾವತ್ತು ವೈರು ಮುಟ್ಟಿದ್ದೆ?"

ಅಕ್ಕ ಸೆರಗು ಸರಿಮಾಡಿಕೊಂಡಳು.

"ಗೊತ್ತಿಲ್ಲದೆ ಹೇಳಿದೆ ಅಂತ ಒಂದು ಸಾಲು ಬರೆದುಕೊಡು. ಸಾಕು."

"ನಾನು ಸುಳ್ಳಿ ಅಂತ ಆಗಲ್ವೇನೋ?"

ಅವನು ಗೋಡೆಯ ಕಡೆ ನೋಡಿದ. "ಅವಳು ಇನ್ನು ಈ ಹೊಸ್ತಿಲು ತುಳಿಯಲ್ಲ ಅಂತಾಳೆ. ಉಸಿರು ಸಿಗದೆ ಒದ್ದಾಡ್ತಿದ್ದಾಳೆ. ಗೋಡೆ ಮೇಲಿಂದ ಒಂದು ವೈರು ಎಳ್ಕೊಳ್ಳಲಾ? ಆ ಮೆಷಿನ್ನಿಗೆ ಮಾತ್ರ."

ಅಕ್ಕ ಅವನೆದುರೇ ಮ್ಯಾನೇಜರನಿಗೆ ಫೋನ್ ಮಾಡಿದಳು. ಹೂಂ, ಹೂಂ ಎಂದು ಕೇಳಿಸಿಕೊಂಡಳು. ಇಟ್ಟ ಮೇಲೆ, ಯಾರದೋ ಮನೆಯ ಸುದ್ದಿ ಹೇಳುವವಳಂತೆ ಹೇಳಿದಳು:

"ಬೇಡವಂತಪ್ಪ. ನೋಡೋಕೆ ಚೆನ್ನಾಗಿರಲ್ಲವಂತೆ."