ಮೂರು ಜನರ ಆರಾಧನೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಹಿಂದಿನ ಬೀದಿಯಲ್ಲಿದ್ದ ಸಣ್ಣ ಚರ್ಚಿನ ಬೀಗದ ಕೈ ಹನ್ನೊಂದು ವರ್ಷದಿಂದ ದಾನಿಯೇಲಪ್ಪನ ಹತ್ತಿರವೇ ಇತ್ತು. ಭಾನುವಾರ ಎಂಟಕ್ಕೇ ಬಂದು ಕಸ ಹೊಡೆದು, ಬೆಂಚು ಒರೆಸಿ, ಹಾಡಿನ ಪುಸ್ತಕ ಇಟ್ಟು, ಹತ್ತಕ್ಕೆ ಗಂಟೆ ಬಾರಿಸುತ್ತಿದ್ದ. ಆರಾಧನೆ ಶುರುವಾದ ಮೇಲೂ ಕೂತವನಲ್ಲ. ಮೈಕು ಕಿರುಚಿದರೆ ಓಡಬೇಕು, ಫ್ಯಾನು ನಿಂತರೆ ನೋಡಬೇಕು. ಎಲ್ಲರೂ ತಲೆ ತಗ್ಗಿಸಿ ಪಾಪದ ಅರಿಕೆ ಮಾಡುವ ಹೊತ್ತಿಗೆ ಅವನು ಹೊರಗೆ ಚಪ್ಪಲಿಗಳ ಸಾಲು ಸರಿಮಾಡುತ್ತಿರುತ್ತಿದ್ದ.

ಹೀಗೆ ಓಡಾಡಿಕೊಂಡಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಕೊನೇ ಬೆಂಚಿನಲ್ಲಿ ತಮ್ಮ ಪ್ರಭುದಾಸ ಕೂರುತ್ತಿದ್ದ. ಮೂರು ವರ್ಷದ ಹಿಂದೆ ಅವ್ವ ತೀರಿಕೊಂಡ ದಿನ, ನೆಂಟರೆಲ್ಲ ನೆರೆದಿದ್ದ ಅಂಗಳದಲ್ಲಿ, "ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಕರಕೊಂಡು ಹೋಗಿದ್ರೆ ಅವ್ವ ಉಳೀತಿದ್ಲು. ನೀನೇ ಕೊಂದೆ" ಎಂದು ದಾನಿಯೇಲಪ್ಪ ಅಂದುಬಿಟ್ಟಿದ್ದ. ಪ್ರಭುದಾಸ ಎದುರಾಡದೆ ಅವ್ವನ ತಲೆದೆಸೆಗೆ ಹೋಗಿ ಕೂತ. ಅಂದಿನಿಂದ ಅಣ್ಣತಮ್ಮರ ನಡುವೆ ಮಾತಿಲ್ಲ. ಆರಾಧನೆಯ ನಡುವೆ ಜನ ಕೈಹಿಡಿದು 'ಕರ್ತನ ಸಮಾಧಾನ ನಿನಗಿರಲಿ' ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳುವಾಗ ಒಬ್ಬ ಮುಂದಿನ ಸಾಲಿನಲ್ಲಿದ್ದರೆ ಇನ್ನೊಬ್ಬ ಹಿಂದೆ. ಅರವತ್ತು ಜನರ ಗದ್ದಲದಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆ ಭಾನುವಾರ ನಸುಕಿನಲ್ಲಿ ಹರಿಹರದ ಹಿರಿಯರೊಬ್ಬರು ತೀರಿಕೊಂಡರು. ದಾವಣಗೆರೆ ಸಭೆಯ ಮುಕ್ಕಾಲು ಪಾಲು ಅವರ ಬಂಧುಗಳೇ; ಎಲ್ಲರೂ ಅತ್ತ ಹೊರಟರು. ಎರಡೂ ಊರಿನ ಸಭೆ ನೋಡಿಕೊಳ್ಳುವ ಪಾಲಕರು ಒಂಬತ್ತೂವರೆಗೆ ಫೋನ್ ಮಾಡಿದರು. "ಮಧ್ಯಾಹ್ನ ಮಣ್ಣು ಐತೆ. ಅಲ್ಲಿ ಇವತ್ತು ಆರಾಧನೆ ಬ್ಯಾಡ. ಬಂದೋರಿಗೆ ತಿಳಿಸಿ, ಬೀಗ ಹಾಕ್ಕೊಂಡು ನೀವೂ ಬರ್ರಿ."

ಬೀಗ ಹಿಡಿದು ಹೊರಗೆ ಬರುವಷ್ಟರಲ್ಲಿ ಆನಗೋಡಿನ ಮುದುಕಿ ರೂತಮ್ಮ ಮೆಟ್ಟಿಲು ಹತ್ತುತ್ತಿದ್ದಳು. ಸುದ್ದಿ ಕೇಳಿ "ಒಳ್ಳೇ ಮನುಷ್ಯ" ಎಂದು ನಿಟ್ಟುಸಿರು ಬಿಟ್ಟವಳು, ಒಳಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತೇಬಿಟ್ಟಳು.

"ಇವತ್ತು ಆರಾಧನೆ ಇಲ್ಲಮ್ಮ. ಅಯ್ನೋರಿಲ್ಲ, ಜನಾನೂ ಇಲ್ಲ."

"ನಾನು ಅಯ್ನೋರನ್ನ ನೋಡಾಕ ಬಂದಿಲ್ಲಪ್ಪ. ವಾರವೆಲ್ಲ ದೇವರು ನನ್ನ ಕಾಯ್ದಾನ. ಒಂದು ತಾಸು ಕೂತು ಅವನಿಗೆ ಸ್ತೋತ್ರ ಹೇಳದೆ ಹೆಂಗೆ ಬಸ್ ಹತ್ಲಿ? ನೀನೇ ಓದು. ನನಗೆ ಅಕ್ಷರ ಬರಲ್ಲ."

ಅಷ್ಟರಲ್ಲಿ ಪ್ರಭುದಾಸ ಬಂದ. ಊರಂಚಿನ ಕರೂರಿನ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರಿಂದ ಅವನಿಗೂ ಸುದ್ದಿ ಮುಟ್ಟಿರಲಿಲ್ಲ. ಖಾಲಿ ಬೆಂಚುಗಳನ್ನೂ ಅಣ್ಣನನ್ನೂ ನೋಡಿ ಹಿಂದಕ್ಕೆ ತಿರುಗಿದ.

"ಬಾ ದಾಸ, ಇಲ್ಲೇ ಕೂಡು. ನಿಮ್ಮಣ್ಣ ಓದ್ತಾನ" ಎಂದಳು ರೂತಮ್ಮ. ಹಿರಿಯಳ ಮಾತು ಮೀರಲಾರದೆ ಕೂತ.

ದಾನಿಯೇಲಪ್ಪ ಆರಾಧನೆಯ ಪುಸ್ತಕ ತೆರೆದ. ಮೊದಲ ಹಾಡಿಗೆ ರೂತಮ್ಮನ ದನಿ ಒಡೆಯಿತು. ಪ್ರಭುದಾಸ ಕೆಳದನಿಯಲ್ಲಿ ಜೊತೆಗೂಡಿ ಅದನ್ನು ದಡ ಮುಟ್ಟಿಸಿದ. ಆಮೇಲೆ ಪಾಪದ ಅರಿಕೆ ಬಂತು. ನಾಲ್ಕು ಸಾಲಿನ ಕೆಳಗೆ 'ಇಲ್ಲಿ ಕೊಂಚ ಹೊತ್ತು ಮೌನ' ಎಂದು ಅಚ್ಚಾಗಿತ್ತು. ಹನ್ನೊಂದು ವರ್ಷದಲ್ಲಿ ಆ ಮೌನದೊಳಗೆ ಅವನು ಒಮ್ಮೆಯೂ ನಿಂತಿರಲಿಲ್ಲ. ಇವತ್ತು ನೋಡಿಕೊಳ್ಳಲು ಮೈಕೂ ಇಲ್ಲ, ಸರಿಮಾಡಲು ಚಪ್ಪಲಿಯೂ ಇಲ್ಲ.

ಹೊರಗೆ ಒಂದು ಆಟೋ ಹೋಯಿತು. ಅವನಿಗೆ ಅವ್ವನ ಫೋನು ನೆನಪಾಯಿತು. ಆ ದಿನ ಎದೆ ಹಿಡಿದುಕೊಂಡಾಗ ಅವ್ವ ಮೊದಲು ಕರೆದದ್ದು ಅವನನ್ನೇ. ಊಟಕ್ಕೆ ಕೂತಿದ್ದವನು, ಆಮೇಲೆ ಮಾಡಿದರಾಯಿತೆಂದು ಎತ್ತಿರಲಿಲ್ಲ. ಆಮೇಲೆ ಅವ್ವ ತಮ್ಮನನ್ನು ಕರೆದಿದ್ದಳು; ಅವನು ಕೆಲಸ ಬಿಟ್ಟು ಬಂದು ಆಟೋ ಹತ್ತಿಸುವಷ್ಟರಲ್ಲಿ ಹೊತ್ತು ಮೀರಿತ್ತು. ತಾನು ಫೋನು ಎತ್ತದ್ದನ್ನು ದಾನಿಯೇಲಪ್ಪ ಯಾರಿಗೂ ಹೇಳಿರಲಿಲ್ಲ.

"ಕರ್ತನೇ" ಎಂದ, ಪುಸ್ತಕದಿಂದ ಕಣ್ಣೆತ್ತದೆ. "ಅವ್ವ ನನಗ ಮೊದಲು ಫೋನ್ ಮಾಡಿದ್ಲು. ನಾ ಎತ್ತಲಿಲ್ಲ. ತಪ್ಪು ನಂದಿತ್ತು, ತಮ್ಮನ ಮೇಲೆ ಹಾಕಿದೆ."

ಪ್ರಭುದಾಸ ತಲೆಯೆತ್ತಿ ಅಣ್ಣನನ್ನು ನೋಡಿದ.

"ಗೊತ್ತಿತ್ತಣ್ಣ" ಎಂದ. "ಅವ್ವ ಅವತ್ತೇ ಹೇಳಿದ್ಲು. ನೀ ಮುಂದೆ ಓದು."

ಅವನು ಓದಿದ. ಕ್ಷಮೆಯ ಮಾತುಗಳನ್ನು ಬೆರಳಿಟ್ಟುಕೊಂಡು ಒಂದೊಂದಾಗಿ ಓದಿದ. ಸಮಾಧಾನ ಹೇಳುವ ಹೊತ್ತು ಬಂದಾಗ ರೂತಮ್ಮ ಮೊದಲು ಎದ್ದು ಇಬ್ಬರ ಕೈಯನ್ನೂ ಹಿಡಿದಳು, ಆಮೇಲೆ ಪಕ್ಕಕ್ಕೆ ಸರಿದಳು. ತಮ್ಮನ ಅಂಗೈ ಗ್ರೀಸಿನ ವಾಸನೆ ಬೀರುತ್ತಿತ್ತು. "ಕರ್ತನ ಸಮಾಧಾನ ನಿನಗಿರಲಿ" ಎನ್ನಲು ಹೋದ ದಾನಿಯೇಲಪ್ಪನಿಗೆ "ದಾಸ" ಎನ್ನುವುದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಪ್ರಭುದಾಸ ಕೈ ಬಿಡದೆ, ಉಳಿದ ಮಾತನ್ನು ತಾನೇ ಹೇಳಿದ.

ರೂತಮ್ಮನನ್ನು ಆನಗೋಡಿನ ಬಸ್ಸಿಗೆ ಹತ್ತಿಸಿ, ಇಬ್ಬರೂ ತಮ್ಮನ ಬೈಕಿನಲ್ಲಿ ಹರಿಹರದ ಮಣ್ಣಿಗೆ ಹೊರಟರು. ಊರು ದಾಟಿದ ಮೇಲೆ ಪ್ರಭುದಾಸ ಅರ್ಧ ತಿರುಗಿ ಏನೋ ಅಂದ. ಲಾರಿಯ ಸದ್ದಿನಲ್ಲಿ ಕೇಳಲಿಲ್ಲ.

"ಏನಂದಿ?"

ಪ್ರಭುದಾಸ ಬೈಕು ನಿಧಾನ ಮಾಡಿದ. "ಅವ್ವ ಆಟೋದಾಗ ಹೇಳಿದ್ದು. 'ದೊಡ್ಡೋನು ಉಣ್ಣಾಕ ಕೂತಿರಬೇಕು, ಅವನನ್ನ ಬೈಬ್ಯಾಡ' ಅಂದ್ಲು."

ದಾನಿಯೇಲಪ್ಪ ತಮ್ಮನ ಹೆಗಲ ಮೇಲೆ ಕೈಯಿಟ್ಟು, ಇನ್ನೊಂದು ಸಲ ಹೇಳು ಎಂದ.